ಬಲೂನ್ ಸೇರದ ಮನೆ

"ಬಸಿರಾಗಿರೋ ಸಾಧ್ಯತೆ ಏನಾದ್ರೂ ಇದೆಯಾ?" ಎಕ್ಸ್‌ರೇ ಚೀಟಿ ಬರೆಯುತ್ತ ನರ್ಸ್ ಕೇಳಿದ್ದಕ್ಕೆ ಒಲಿಂಪಿಯಾ ನಕ್ಕೇಬಿಟ್ಟಳು. "ಇವಳಾ? ಮುಂದಿನದು ಕೇಳಮ್ಮ." ಗಾಲಿಕುರ್ಚಿಯಲ್ಲಿದ್ದ ಮಗಳು ನೆಲಿದಾಗೆ ಇಪ್ಪತ್ತೊಂಬತ್ತು ವರ್ಷ. ಸ್ಪೈನಾ ಬೈಫಿಡಾ, ಅಂದರೆ ಬೆನ್ನುಹುರಿ ಸರಿಯಾಗಿ ಮುಚ್ಚದೆ ಹುಟ್ಟಿದವಳು. ಕ್ವೆಂಕಾ ಊರಿನ ಆಸ್ಪತ್ರೆಗಳಲ್ಲೆಲ್ಲ ಅವಳ ಪರವಾಗಿ ಬಾಯಿ ಅಮ್ಮನದೇ.

"ಇದೆ," ಎಂದಳು ನೆಲಿದಾ. "ಅಮ್ಮ ಸಂತೆಗೆ ಹೋದಾಗ ರಾಮಿರೋ ಬರ್ತಾನೆ."

ಗಾಲಿಕುರ್ಚಿ ರಿಪೇರಿಯ ರಾಮಿರೋ. ಕುರ್ಚಿ ವರ್ಷದಿಂದ ಕೆಟ್ಟೇ ಇಲ್ಲವೆಂಬುದು ಒಲಿಂಪಿಯಾಗೆ ಆಗ ಹೊಳೆಯಿತು.

ನರ್ಸ್ ತಲೆ ಎತ್ತಲೂ ಇಲ್ಲ. "ಹಾಗಾದ್ರೆ ಮೊದ್ಲು ಮೂತ್ರ ಪರೀಕ್ಷೆ. ಇನ್ಮೇಲೆ ಇದನ್ನ ಬಳಸಿ," ಎಂದು ಡ್ರಾಯರ್‌ನಿಂದ ಒಂದು ಸರ ಕಾಂಡೋಮ್ ತೆಗೆದು ಮೇಜಿನ ಮೇಲಿಟ್ಟಳು.

ಒಲಿಂಪಿಯಾ ಅದನ್ನು ಗಬಕ್ಕನೆ ಕಿತ್ತುಕೊಂಡಳು. "ರಬ್ಬರಿಂದು ಬೇಡ. ಇವಳಿಗೆ ಆಗಿಬರಲ್ಲ, ಮೈಯೆಲ್ಲ ಊದ್ಕೊಳ್ಳುತ್ತೆ. ರಬ್ಬರಿಲ್ಲದ್ದು ಕೊಡಿ."

ಹುಟ್ಟುಹಬ್ಬಕ್ಕೂ ಮನೆಗೆ ಬಲೂನ್ ಸೇರಿಸದ, ಡಾಕ್ಟರರ ಕೈಗವಸು ಕಂಡರೆ ಕೂಗುವ ಬಾಯಿ ಅದು, ಅಭ್ಯಾಸಬಲದಿಂದ ಆಡಿಬಿಟ್ಟಿತ್ತು. ತಾನು ಕೇಳಿದ್ದೇನೆಂದು ಅರಿವಾಗುತ್ತಲೇ ಅವಳು ಕೈಯಲ್ಲಿದ್ದ ಸರವನ್ನು ಮತ್ತೆ ಮೇಜಿನ ಮೇಲಿಟ್ಟಳು.

"ಇದೆ, ಕೊಡೋಣ. ಎಷ್ಟು ಬೇಕು?" ಎಂದಳು ನರ್ಸ್.

ಇಪ್ಪತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಲಿಂಪಿಯಾ ಉತ್ತರಕ್ಕಾಗಿ ಮಗಳ ಮುಖ ನೋಡಿದಳು.