ಎಡಗಡೆಯ ದೀಪ

ತಂದೆಯ ಹಳೆಯ ಕಾರನ್ನು ಮತ್ತೆ ಮೊದಲಿನಂತೆ ಮಾಡಲು ಹೊರಟವನಿಗೆ ಮುಂಭಾಗದ ಎಡಗಡೆಯ ದೀಪವೊಂದು ಎಲ್ಲೂ ಸಿಗಲಿಲ್ಲ. ಅದನ್ನು ಯಾರೋ ಬಿಚ್ಚಿಕೊಂಡು ಹೋದರೆಂದು ತಂದೆ ಹೇಳುತ್ತಿದ್ದರು. ಬಿಡಿಭಾಗ ಮಾರುವವರೆಲ್ಲ ಇಲ್ಲವೆಂದ ಮೇಲೆ ಗುಜರಿಯವನೊಬ್ಬ, "ಕೆರೆ ಏರಿ ತಿರುವಿನ ಟೀ ಅಂಗಡೀಲಿ ಅಂಥದ್ದೊಂದಿದೆ. ಕೇಳ್ಕೊಂಡು ಬಂದೋರನ್ನ ಕಳ್ಸು ಅಂತ ಆಯಮ್ಮ ಹೇಳವ್ಳೆ" ಎಂದ.

ದೀಪ ಅಂಗಡಿಯ ಕಂಬದಲ್ಲಿ ತೂಗುತ್ತಿತ್ತು. ಅದರ ಹಿತ್ತಾಳೆಯ ಅಂಚಿನಲ್ಲಿ ತಂದೆ ಕೆತ್ತಿಸಿದ್ದ ನವಿಲು ಕಂಡದ್ದೇ ಅವನಿಗೆ ಸಿಟ್ಟು ನೆತ್ತಿಗೇರಿತು.

"ಕೊಂಡ್ಕೊಳ್ಳೋಕೆ ಬಂದಿದ್ದೆ. ಇನ್ನು ಒಂದು ಕಾಸೂ ಕೊಡಲ್ಲ. ಇದು ನಮ್ಮ ಕಾರಿಂದು, ಕದ್ದ ಮಾಲು."

ಅಂಗಡಿಯಾಕೆ ಲೋಟ ತೊಳೆಯುತ್ತಲೇ ಹೇಳಿದಳು. "ಅಂಥ ಕಾರು ಎಷ್ಟೋ ಇರ್ತವೆ ಸ್ವಾಮಿ."

"ಈ ನವಿಲು ಇರ್ತದಾ? ಬಲಗಡೆ ದೀಪದಲ್ಲಿ ಇದರ ಜೋಡಿ ಇದೆ, ನೋಡು." ಮೊಬೈಲನ್ನು ಆಕೆಯ ಮುಖದ ಮುಂದೆ ಹಿಡಿದ.

ಆಕೆ ಕೈ ಒರೆಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಕಾರನ್ನ ಯಾರಾದ್ರೂ ಕೇಳಿ ಇಸ್ಕೊಂಡು ಹೋಗಿದ್ರೇನೋ."

"ನಮ್ಮಪ್ಪ ಸ್ಟೇರಿಂಗನ್ನ ಹೆಂಡ್ತಿ ಮಕ್ಕಳಿಗೂ ಮುಟ್ಟಗೊಟ್ಟೋರಲ್ಲ. ಮನೇಲೇ ಇದ್ದಾರೆ, ಬೇಕಾದ್ರೆ ಬಂದು ಕೇಳು."

ಆಕೆ ಒಲೆ ಆರಿಸಿ, ದೀಪವನ್ನು ಬಿಚ್ಚಿ ಸೆರಗಿನಲ್ಲಿ ಸುತ್ತಿಕೊಂಡಳು.

"ನಡೀರಿ ಮತ್ತೆ. ನನ್ನ ಗಂಡನ್ನ ಈ ತಿರುವಲ್ಲಿ ಗುದ್ದಿ, ಕಾರು ನಿಲ್ಲಿಸ್ದೆ ಹೋದೋನ ಮುಖ ಒಂದ್ಸಲ ನೋಡ್ಬೇಕು."