ಗ್ಯಾವಿನ್ ಡಾಡ್ಸ್‌ನ ಬೆಂಚು

ಬಾಗಿಲಲ್ಲಿ ನಿಂತ ಗಡ್ಡದವನು ಟೋಪಿ ತೆಗೆದ. ಯಾರನ್ನೂ ಕೇಳದೆ ನೇರ ನಡೆದು ಬಂದು, ಏಳು ವರ್ಷಗಳಿಂದ ಯಾರೂ ಕೂರದ ಬೆಂಚಿನ ಮೇಲೆ ಕುಳಿತ. ಕೀರ್ತನೆ ಅರ್ಧ ಸಾಲಿಗೇ ನಿಂತುಹೋಯಿತು.

ಅದು ಗ್ಯಾವಿನ್ ಡಾಡ್ಸ್‌ನ ಬೆಂಚು. ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ಬಂದ ಕುರಿಗಾಹಿಗಳು ದಕ್ಷಿಣ ಅಮೆರಿಕದ ಪಾಂಪಾ ಬಯಲಿನ ನಡುವೆ ಮಣ್ಣಿನ ಗೋಡೆ ಎಬ್ಬಿಸಿ, ಹುಲ್ಲು ಹೊದಿಸಿ, ಆ ಚರ್ಚನ್ನು ತಾವೇ ಕಟ್ಟಿಕೊಂಡಿದ್ದರು. ಬೆಂಚು ಮಾತ್ರ ಅವರವರ ಮನೆಯದು. ತಪ್ಪಿಸಿಕೊಂಡ ಕುರಿಗಳನ್ನು ಹುಡುಕಿ ದಕ್ಷಿಣಕ್ಕೆ ಹೋದ ಗ್ಯಾವಿನ್ ಮರಳಿದ್ದನ್ನು ಯಾರೂ ಕಾಣಲಿಲ್ಲ, ಬೆಂಚು ಉಳಿಯಿತು. ಗಾಳಿ ಬೀಸಿದ ದಿನ ಅದು ಕಿರುಗುಟ್ಟಿದರೆ ತಾಯಂದಿರು ಮಕ್ಕಳನ್ನು ಹತ್ತಿರ ಎಳೆದುಕೊಳ್ಳುತ್ತಿದ್ದರು. ಕೀರ್ತನೆಯ ಕೊನೆಯಲ್ಲಿ ಅವನ ದಪ್ಪ ದನಿ ಈಗಲೂ ಒಂದು ಗಳಿಗೆ ತಡವಾಗಿ ಬಂದು ಸೇರುತ್ತದೆ ಎನ್ನುತ್ತಿದ್ದಳು ಬೆಥಿಯಾ ಅಜ್ಜಿ.

ಅಂದು ಆರಾಧನೆ ಮುಗಿದ ಮೇಲೆ ಗ್ಯಾವಿನ್ ಸತ್ತನೆಂದು ಸಭೆಯ ಹಿರಿಯರು ತೀರ್ಮಾನಿಸುವುದಿತ್ತು. ಹುಲ್ಲುಗಾವಲಿನ ಗೇಣಿ ಅವನ ಹೆಸರಿನಲ್ಲಿತ್ತು. ತೀರ್ಮಾನವಾದರೆ ಅದು ಅಣ್ಣ ನಿನಿಯನ್‌ಗೆ ಹೋಗುತ್ತದೆ. ಹೆಂಡತಿ ಇಸೊಬೆಲ್ ಮನೆ ಬಿಟ್ಟು ಭಾವನ ಅಡುಗೆಕೋಣೆ ಸೇರಬೇಕು.

"ನಾನು ಗ್ಯಾವಿನ್," ಎಂದ ಗಡ್ಡದವನು. ಸಿಡುಬು ಅವನ ಮುಖವನ್ನು ಉತ್ತುಹಾಕಿತ್ತು.

ಹೆಂಗಸರ ಕಡೆಯಿಂದ ಇಸೊಬೆಲ್ ಎದ್ದು ನಿಂತಳು. ಮುಂದಿನ ಬೆಂಚನ್ನು ಹಿಡಿದ ಅವಳ ಬೆರಳುಗಳು ಬಿಳಿಚಿದ್ದವು. "ಇವನು ನನ್ನ ಗಂಡ ಅಲ್ಲ ಅಯ್ಯನವರೇ. ದೇವರ ಮನೇಲಿ ನಿಂತು ನಾನು ಸುಳ್ಳು ಹೇಳಲಾರೆ."

ಹೆಂಗಸರ ಸಾಲಿನಲ್ಲಿ ಪಿಸುಮಾತು ಹರಿಯಿತು. "ಏಳು ವರ್ಷ ತಾನೇ ಯಜಮಾನಿ ಆಗಿ ಮೆರೆದೋಳು," ಎಂದಳು ಬೆಥಿಯಾ ಅಜ್ಜಿ, ಎಲ್ಲರಿಗೂ ಕೇಳುವಂತೆ. "ಈಗ ಗಂಡನ ಗುರುತು ಎಲ್ಲಿ ಹತ್ತುತ್ತೆ?"

ಪಾದ್ರಿ ಅವನನ್ನು ಮುಂದೆ ಕರೆದು ಪ್ರಶ್ನೆ ಕೇಳಿದರು. ಹಡಗಿನ ಹೆಸರು ಹೇಳಿದ. ತಾಯಿಯ ತವರು ಹೇಳಿದ. ತಾಯಿ ಹಾಲು ಕರೆಯುವಾಗ ಗುನುಗುತ್ತಿದ್ದ ರಾಗವನ್ನು ಮೆಲ್ಲಗೆ ಗುನುಗಿದ; ನಿನಿಯನ್‌ನ ಮುಖ ಕಪ್ಪಿಟ್ಟಿತು. ಇವನೆಲ್ಲೋ ಕಲಿತು ಬಂದಿದ್ದಾನೆ, ತನ್ನ ತಮ್ಮ ಇವನಲ್ಲವೇ ಅಲ್ಲ ಎಂದು ಅವನು ಕೂಗಾಡಿದ. ಯಾರೂ ತಲೆಯಾಡಿಸಲಿಲ್ಲ. ಹುಲ್ಲುಗಾವಲು ಯಾರ ಪಾಲಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

"ಮನುಷ್ಯರ ಮಾತು ಬಿಡಿ ಹಾಗಾದ್ರೆ," ಎಂದ ನಿನಿಯನ್. "ನಾಯೀನ ಕೇಳೋಣ. ನಾಯಿ ಸುಳ್ಳು ಹೇಳಲ್ಲ."

ಕುರಿಗಾಹಿಗಳ ಮುಖ ಅರಳಿತು. ಇದು ಅವರಿಗೆ ಅರ್ಥವಾಗುವ ನ್ಯಾಯ. ಅವರ ನಾಯಿಗಳೂ ಚರ್ಚಿಗೆ ಬರುತ್ತಿದ್ದವು, ಬೆಂಚಿನಡಿ ಮಲಗುತ್ತಿದ್ದವು. ಯಜಮಾನ ಎದ್ದರೆ ನಾಯಿಯೂ ಏಳುತ್ತದೆ; ಎಲ್ಲ ಒಟ್ಟಿಗೆ ಎದ್ದರೆ ಬೊಗಳಾಟದಲ್ಲಿ ಪಾದ್ರಿಯ ದನಿ ಮುಳುಗುತ್ತದೆ. ಅದಕ್ಕೇ ಆ ಚರ್ಚಿನಲ್ಲಿ ಕೊನೆಯ ಆಶೀರ್ವಚನವನ್ನು ಕುಳಿತೇ ಪಡೆಯುವ ರೂಢಿ.

ಗ್ಯಾವಿನ್‌ನ ನಾಯಿ ನೆಲ್ ಮಾತ್ರ ಅವನು ಹೋದಾಗಿನಿಂದ ಚರ್ಚಿಗೆ ಬಂದಿರಲಿಲ್ಲ. ಮನೆ ಕಾಯಬೇಕಲ್ಲ ಎನ್ನುತ್ತಿದ್ದಳು ಇಸೊಬೆಲ್. ಆ ದೂರದ ಮನೆಯ ಕಡೆ ಹೋದವರಿಗೆ ಬೇಲಿಯಾಚೆಯ ಬೊಗಳು ಕೇಳುತ್ತಿತ್ತು. ಒಳಗೆ ಕಾಲಿಡಹೋದ ನಿನಿಯನ್‌ನ ಬೂಟಿನ ಮೇಲೆ ಹಲ್ಲಿನ ಗುರುತೂ ಇತ್ತು.

"ಬೇಡ ಭಾವ," ಎಂದಳು ಇಸೊಬೆಲ್. "ನಾಯಿಗೇನು ಗೊತ್ತು? ತುತ್ತು ಹಾಕಿದೋರ ಹಿಂದೆ ಹೋಗುತ್ತೆ."

"ತುತ್ತು ಹಾಕ್ತಿರೋಳು ನೀನು ತಾನೆ? ನಿನ್ನ ಕಾಲಡೀಲೇ ಬಿದ್ದಿರುತ್ತೆ ಬಿಡು. ನಿನಗ್ಯಾಕೆ ಭಯ?"

ಅವಳು ಸೆರಗಿನಂತೆ ಹೊದ್ದ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ಮನೆ ಹೋದರೆ ಭಾವನ ಚಾಕರಿ. ಉಳಿದರೆ ಈ ಗಡ್ಡದವನ ಹಾಸಿಗೆ. ಕರುಣೆಯಿದ್ದವರು ಕಣ್ಣು ತಪ್ಪಿಸಿದರು.

ಮಧ್ಯಾಹ್ನದ ಆರಾಧನೆಯ ಹೊತ್ತಿಗೆ ಸವಾರನೊಬ್ಬ ನಾಯಿಯನ್ನು ಕರೆತಂದ. ಕುದುರೆ ನೊರೆ ಕಾರುತ್ತಿತ್ತು. ಬಿಳಿ ಮುಂಗಾಲಿನ ಕಪ್ಪು ನಾಯಿ ಅದಕ್ಕಿಂತ ಮೊದಲೇ ಓಡಿ ಬಂದು, ಒಂದೇ ನೆಗೆತಕ್ಕೆ ಬೆಂಚು ದಾಟಿ ಇಸೊಬೆಲ್‌ಳ ಕಾಲಡಿ ಮಲಗಿತು. ಅದೇ ನೆಲ್, ಅದೇ ಬಿಳಿ ಕಾಲು ಎಂದು ಮುದುಕರು ಬಾಯಿ ಚಪ್ಪರಿಸಿದರು.

ಷರತ್ತು ನಿನಿಯನ್‌ನದೇ. ಗಡ್ಡದವನು ಸೀಟಿ ಹಾಕಬಾರದು, ಕರೆಯಬಾರದು, ತಿರುಗಿ ನೋಡಬಾರದು. ಆಶೀರ್ವಚನದ ಹೊತ್ತಿಗೆ ಅವನೊಬ್ಬನೇ ಎದ್ದು ಹೊರನಡೆಯಬೇಕು.

ಪಾದ್ರಿ ಕೈ ಎತ್ತಿದರು. ಎಲ್ಲರೂ ಕುಳಿತೇ ತಲೆ ಬಾಗಿಸಿದರು. ಗ್ಯಾವಿನ್‌ನ ಬೆಂಚು ಕಿರುಗುಟ್ಟಿತು. ಹೆಜ್ಜೆಗಳು ಮಣ್ಣಿನ ನೆಲದ ಮೇಲೆ ಬಾಗಿಲ ಕಡೆ ಸಾಗಿದವು.

ನೆಲ್ ಕಿವಿ ನಿಮಿರಿಸಿತು. ಇಸೊಬೆಲ್‌ಳ ಮುಖ ನೋಡಿತು. ಆಮೇಲೆ ಎದ್ದು, ಬಾಲ ಇಳಿಬಿಟ್ಟು, ಸದ್ದಿಲ್ಲದೆ ಅವನ ಹಿಂದೆ ಹೋಯಿತು.

ನಿನಿಯನ್ ಟೋಪಿ ಎತ್ತಿಕೊಂಡು ಹೊರನಡೆದ. ಗಂಡನೊಂದಿಗೆ ಮನೆಗೆ ಹೋಗಬೇಕೆಂದು ಪಾದ್ರಿ ಇಸೊಬೆಲ್‌ಗೆ ಗಂಭೀರವಾಗಿ ಹೇಳಿದರು. ಬಿಕ್ಕುತ್ತಿದ್ದವಳನ್ನು ಹೆಂಗಸರೇ ತೋಳು ಹಿಡಿದು ಗಾಡಿ ಹತ್ತಿಸಿದರು. ಬೆಥಿಯಾ ಅಜ್ಜಿ ಗಡ್ಡದವನ ಮಣಿಕಟ್ಟನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು.

ಚರ್ಚಿನ ಮಾಡು ಹುಲ್ಲಿನ ಹಿಂದೆ ಮರೆಯಾಗುವವರೆಗೆ ಅವಳ ಬಿಕ್ಕು ನಿಲ್ಲಲಿಲ್ಲ. ಆಮೇಲೆ ಇಸೊಬೆಲ್ ಶಾಲು ಸರಿಸಿ, ಅವನ ಹೆಗಲಿಗೆ ತಲೆ ಆನಿಸಿದಳು.

"ಹೇಳಿಕೊಟ್ಟಿದ್ದು ಒಂದೂ ತಪ್ಪಲಿಲ್ಲ ನೀನು. ಇವತ್ತಿಂದ ನಿನ್ನನ್ನ ಅವನ ಹೆಸರಲ್ಲೇ ಕರೀಬೇಕು ನಾನು," ಎಂದಳು. "ನಿದ್ದೇಲೂ."

ಗ್ಯಾವಿನ್‌ನನ್ನೂ, ಆಮೇಲೆ ಅವನ ನೆಲ್‌ಳನ್ನೂ ಅವಳು ಮನೆಯ ಹಿಂದಿನ ಮರದಡಿ ತನ್ನ ಕೈಯಾರೆ ಹೂತಿದ್ದಳು. ಗಾಡಿಯಲ್ಲಿ ಮಲಗಿದ್ದುದು ನೆಲ್‌ಳ ಮರಿ, ಕಣ್ಣು ಬಿಟ್ಟಾಗಿನಿಂದ ಈ ಗಡ್ಡದವನ ಕೈತುತ್ತು ತಿಂದೇ ಬೆಳೆದದ್ದು.