ಬರೆದಾಯಿತು

ಎರಡು ಬೆರಳು ದಪ್ಪದ ಉಕ್ಕಿನ ಹಲಗೆಯಲ್ಲಿ ಕೊಳವೆ ಹಾಯಬೇಕಿದ್ದ ತೂತು ಒಂದು ಗೇಣು ಎಡಕ್ಕೆ ಬಿದ್ದಿತ್ತು. ಬುಧವಾರ ಕತ್ತರಿಸಿದ ಹಲಗೆ. ಗುರುವಾರ ಬೆಳಿಗ್ಗೆ ಹಡಗಿನ ಹೊಟ್ಟೆಯೊಳಗೆ ಕೂರಿಸಲು ಹೋದಾಗ ಗೊತ್ತಾಯಿತು. ಒಂಬತ್ತು ಗಂಟೆಗೆಲ್ಲ ನಕ್ಷೆ ವಿಭಾಗದ ಕಾಫಿ ಮೇಜಿನ ಸುತ್ತ ಜನ ಸೇರಿದ್ದರು. ಮೂವತ್ತೆಂಟು ವರ್ಷದಿಂದ ತುರ್ಕು ಬಂದರಿನ ಈ ಕಾರ್ಖಾನೆಯಲ್ಲಿ ಹಡಗುಗಳ ನಕ್ಷೆ ಬರೆಯುತ್ತಿದ್ದ ಓಯ್ವಾ ಆ ಹಲಗೆಯ ನಕ್ಷೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಮಂಗಳವಾರ ಈ ತೂತನ್ನ ನಾನೇ ಬಲಕ್ಕೆ ಸರಿಸಿದ್ದೆ," ಎಂದರು. ಆಮೇಲೆ ದನಿ ತಗ್ಗಿತು. "ಸರಿಸಿದ್ದೆ ಅಂದ್ಕೊಂಡಿದ್ದೆ. ಸರಿಸೇ ಇಲ್ಲ ಅಂತ ಕಾಣತ್ತೆ. ತಪ್ಪು ನಂದೇ ಬಿಡ್ರಪ್ಪ." ಆಮೇಲೆ ಅರ್ಧ ತಮಗೇ ಹೇಳಿಕೊಳ್ಳುವಂತೆ, "ನಮ್ಮಣ್ಣನಿಗೂ ಹಿಂಗೇ ಶುರುವಾಗಿದ್ದು," ಅಂದರು. ಅಣ್ಣ ಈಗ ಹೆಂಡತಿಯ ಹೆಸರನ್ನೂ ಮರೆತಿರುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹೆಲ್ಕಾ ಗೋಡೆಗೊರಗಿ ನಿಂತಿದ್ದಳು. ಕೈಯಲ್ಲಿದ್ದ ಏಲಕ್ಕಿ ಬನ್ನು ಬಾಯಿಗೆ ಹೋಗಲಿಲ್ಲ. ಮಂಗಳವಾರ ಮಧ್ಯಾಹ್ನ ಮೂರಕ್ಕೆ ಕರೆಂಟು ನಾಲ್ಕು ಸೆಕೆಂಡು ಹೋಗಿ ಬಂದಿತ್ತು. ಬನ್ನನ್ನು ಅಲ್ಲೇ ಇಟ್ಟು, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಓಯ್ವಾ ಅವರ ಮೇಜಿಗೆ ಹೋದಳು. ಅವರ ಕಂಪ್ಯೂಟರು ತಾನೇ ಬರೆದಿಟ್ಟುಕೊಳ್ಳುವ ದಿನಚರಿಯಲ್ಲಿ ಸಾಲು ಸ್ಪಷ್ಟವಾಗಿತ್ತು: ಮಂಗಳವಾರ, ಎರಡು ಐವತ್ತೊಂಬತ್ತು, ಬರೆದಾಯಿತು. ಎಲ್ಲರ ನಕ್ಷೆಗಳೂ ಸೇರಿ ಕೂರುವ ಕೆಳಗಿನ ಸರ್ವರಿನಲ್ಲಿ ಮಾತ್ರ ಅದೇ ನಕ್ಷೆಯ ಮೇಲೆ ಸೋಮವಾರದ ತಾರೀಖು ಇತ್ತು.

ಆ ಸುಳ್ಳು ಹೇಳುವುದನ್ನು ಸರ್ವರ್ ಯಂತ್ರಕ್ಕೆ ಕಲಿಸಿದವಳು ಅವಳೇ. ಮೂರು ವಾರದ ಹಿಂದೆ ವಿಭಾಗದ ಮುಖ್ಯಸ್ಥ ರೈನರ್ ಬಾಗಿಲಲ್ಲಿ ನಿಂತು ಕೂಗಾಡಿದ್ದ. "ನಲವತ್ತು ಜನ ಸೇವ್ ಒತ್ತಿ ಕಾಫಿಗೆ ಹೋಗ್ತಾರೆ ಕಣೇ! ಅವರು ವಾಪಸ್ ಬಂದ್ರೂ ಅದು ಇನ್ನೂ ಬರೀತಾನೇ ಇರುತ್ತೆ."

"ಒಂದು ನಕ್ಷೆ ನೂರಾರು ತುಂಡಾಗಿ ಬರುತ್ತೆ. ಸರ್ವರ್ ಒಂದೊಂದು ತುಂಡಿಗೂ ಡಿಸ್ಕಿನ ಹತ್ರ ಓಡಿ, ಬರೆದು, ಬಂದು ಹೇಳುತ್ತೆ. ಅದಕ್ಕೇ ನಿಧಾನ. ಕಣ್ಣು ಮಿಟುಕಿಸೋಷ್ಟು ಕಾದು, ಬಂದ ತುಂಡುಗಳನ್ನ ಒಟ್ಟು ಮಾಡಿ, ಒಂದೇ ಓಟಕ್ಕೆ ಬರೆಯೋ ಹಾಗೆ ಮಾಡ್ತೀನಿ. ಎರಡು ವಾರ ಕೊಡು."

"ನಾಳೆ ಬೇಕು."

ನಾಳೆಗೆ ಆಗುವಂಥದ್ದು ಒಂದೇ ಇತ್ತು. ತುಂಡು ಕೈಗೆ ಬಂದ ಕೂಡಲೇ, ಡಿಸ್ಕಿಗೆ ಮುಟ್ಟುವ ಮುಂಚೆಯೇ, 'ಬರೆದಾಯಿತು' ಎಂದುಬಿಡುವುದು. ಅದಕ್ಕೆ ಒಂದು ಸಾಲು ಬದಲಿಸಿದರೆ ಸಾಕು. ಬದಲಿಸಿದಳು. ನಿಮಿಷಗಟ್ಟಲೆಯ ಕೆಲಸ ಎರಡು ಸೆಕೆಂಡಿಗೆ ಇಳಿಯಿತು. ನಕ್ಷೆಯವರು ಕೇಕು ತಂದು ಕೊಟ್ಟರು. ಆದರೆ ನಡುವೆ ಕರೆಂಟು ಹೋದರೆ ಡಿಸ್ಕಿಗೆ ಮುಟ್ಟದ ತುಂಡುಗಳೆಲ್ಲ ಮಾಯ; ಅಂದಿನಿಂದ ಹೆಲ್ಕಾಗೆ ಕುಂತಲ್ಲಿ ಕೂರಲಾಗಿರಲಿಲ್ಲ. ದೊಡ್ಡ ಕ್ರೇನು ಭಾರ ಎತ್ತಿದಾಗ ಟ್ಯೂಬ್‌ಲೈಟು ಒಂದಿಷ್ಟು ಮಂಕಾದರೂ ಕೆಳಗಿನ ಸರ್ವರಿನ ಹತ್ತಿರ ಓಡುತ್ತಿದ್ದಳು. ಮನೆಯಲ್ಲಿ ಸೌನಾ ಎಂಬ ಬಿಸಿ ಹಬೆಕೋಣೆಯ ಬೆಂಚಿನ ಮೇಲೂ ಐದು ನಿಮಿಷ ಕೂರದೆ ಎದ್ದು ಬರುತ್ತಿದ್ದಳು. ಮಂಗಳವಾರ ಕರೆಂಟು ಹೋಗಿ ಬಂದಾಗ, ಏನಾದರೂ ಕಳೆಯಿತೇ ಎಂದು ಒಬ್ಬೊಬ್ಬರನ್ನೂ ಕೇಳಿಕೊಂಡು ಬಂದಿದ್ದಳು. ಕರೆಂಟು ಹೋಗುವ ಮುಂಚೆ ಎಲ್ಲರ ಪರದೆಯ ಮೇಲೂ 'ಬರೆದಾಯಿತು' ಎಂದೇ ಬಂದಿತ್ತು. ಏನೂ ಇಲ್ಲ ಅಂದಿದ್ದರು.

ಗುರುವಾರ ಅವಳು ಹೇಳಿದ್ದನ್ನೆಲ್ಲ ರೈನರ್ ನಿಂತೇ ಕೇಳಿಸಿಕೊಂಡ. "ಹಲಗೆ ಇನ್ನೊಂದು ಕತ್ತರಿಸ್ತಾರೆ, ಮುಗೀತು. ಓಯ್ವಾ ತಾನೇ ಒಪ್ಕೊಂಡಿದ್ದಾನೆ, ಯಾರೂ ಬೈದೂ ಇಲ್ಲ."

"ಅವರು ತಪ್ಪೇ ಮಾಡಿಲ್ವಲ್ಲೋ!"

"ಬರೋ ತಿಂಗಳು ಹಡಗು ನೀರಿಗಿಳಿಯಲಿ. ಆಮೇಲೆ ನೀನೇನು ಬೇಕಾದ್ರೂ ಮಾಡ್ಕೋ. ಅಲ್ಲೀವರೆಗೆ ಅದನ್ನ ಮುಟ್ಬೇಡ."

ಶುಕ್ರವಾರ ಬೆಳಿಗ್ಗೆ ಓಯ್ವಾ ಅವರ ಕುರ್ಚಿ ಖಾಲಿ ಇತ್ತು. ಜ್ವರ ಬಂದಾಗಲೂ ಮಫ್ಲರ್ ಸುತ್ತಿಕೊಂಡು ಬರುವ ಮನುಷ್ಯ. ಹೆಲ್ಕಾ ಮೇಲಕ್ಕೂ ಕೆಳಕ್ಕೂ ನಾಲ್ಕು ಸಲ ಓಡಾಡಿದಳು. ಹತ್ತು ಗಂಟೆಗೆ ಸರ್ವರಿನ ಮುಂದೆ ಕೂತು, ಯಾರನ್ನೂ ಕೇಳದೆ, ಆ ಸಾಲನ್ನು ಮೊದಲಿದ್ದಂತೆಯೇ ಮಾಡಿದಳು. ಹತ್ತೇ ನಿಮಿಷದಲ್ಲಿ ಮೇಲಿನಿಂದ ಕೂಗು ಬಂತು: "ಹೆಲ್ಕಾ! ನಿನ್ನ ಡಬ್ಬಿ ಮತ್ತೆ ಮಲಗ್ತಲ್ಲೇ!" ಹೋಗಿ, ಎಲ್ಲರ ಎದುರಿಗೆ, ಯಾಕೆ ಎಂದು ಹೇಳಿದಳು. ರೈನರ್ ತನ್ನ ಕೋಣೆಯ ಬಾಗಿಲು ಹಾಕಿಕೊಂಡ.

ಓಯ್ವಾ ಬಂದದ್ದು ಊಟದ ಹೊತ್ತು ಕಳೆದ ಮೇಲೆ. ಅವರು ಕೋಟು ತೂಗುಹಾಕುವ ಮೊದಲೇ ಹೆಲ್ಕಾ ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದಳು: ಕರೆಂಟು, ಸೋಮವಾರದ ತಾರೀಖು, ತಾನು ಬದಲಿಸಿದ ಸಾಲು. "ನೀವು ಸರಿಸಿದ್ರಿ. ನಿಮಗೆ ನೆನಪಿದ್ದದ್ದೇ ಸರಿ. ಸುಳ್ಳು ಹೇಳಿದ್ದು ಅದು. ಹೇಳಿಸಿದ್ದು ನಾನು."

ಓಯ್ವಾ ಕೋಟನ್ನು ತೂಗುಹಾಕಿ ತಮ್ಮ ಕುರ್ಚಿಯಲ್ಲಿ ಕೂತರು.

"ಈಗ ನೆನಪಿನ ಪರೀಕ್ಷೆಗೆ ಅಂತ ಡಾಕ್ಟರ ಹತ್ರಾನೇ ಹೋಗಿ ಬಂದೆ ಕಣಮ್ಮ," ಎಂದರು. "ಇವತ್ತು ಯಾವ ವಾರ ಅಂತ ಕೇಳಿದ್ರು. ಗೊತ್ತಿತ್ತು ನಂಗೆ. ಆದ್ರೂ ಹೇಳೋ ಮುಂಚೆ ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ಬಿಟ್ಟೆ."